ಶಾಯ್ಲೊಬೆಕ್ ಉಳಿಸಿದ ನಲವತ್ತು ಸೆಂಟಿಮೀಟರ್

ಜನವರಿ 15, ಸೋಮವಾರ

ಈ ಗೋಡೆ ಇದುವರೆಗೆ ನನ್ನಿಂದ ಕಿತ್ತದ್ದು: ಬ್ಲೀಚ್ ನಾಲ್ಕು ಬಾಟಲಿ. ಬೂಷ್ಟು ಕೊಲ್ಲುವ ಔಷಧ ಎರಡು ಡಬ್ಬಿ. ಎರಡರ ಮೇಲೂ ಸಾಯುತ್ತಿರುವ ಬೂಷ್ಟಿನ ಚಿತ್ರವಿದೆ, ನಮ್ಮ ಗೋಡೆಯ ಬೂಷ್ಟಿಗೆ ಮಾತ್ರ ಆಯುಸ್ಸು ಗಟ್ಟಿ. ವಾಲ್‌ಪೇಪರ್ ಒಂದು ಸುರುಳಿ. ಡಾಕ್ಟರಮ್ಮನ ಹತ್ತಿರ ಎರಡು ಸಲ. ಉಣ್ಣೆ ಕೌದಿ ಐದು ಹಾಳು, ಅದರಲ್ಲಿ ಮೂರು ನಾರಿನ್ ಊರಿನ ಹುಡುಗಿಯ ಮದುವೆಯ ಬಳುವಳಿಗೆ ಹೊಲಿದವು. ಒಟ್ಟು ಇಪ್ಪತ್ತೊಂದು ಸಾವಿರದ ನಾನೂರು ಸೊಮ್. ಕೆಮ್ಮಿಗೆ ಬೆಲೆ ಕಟ್ಟಿಲ್ಲ.

ಬೆಳಿಗ್ಗೆ ಎಂದಿನಂತೆ ಎದ್ದು ಚಹಾಕ್ಕಿಟ್ಟು, ಒದ್ದೆ ಬಟ್ಟೆಯಿಂದ ಗೋಡೆ ಒರೆಸಿದೆ. ಬಟ್ಟೆ ಕಪ್ಪು. ಮಧ್ಯಾಹ್ನ ಮತ್ತೆ ಒರೆಸಿದೆ. ಮತ್ತೆ ಕಪ್ಪು. ಹದಿನಾರು ತಿಂಗಳಿಂದ ಈ ಮನೆಯಲ್ಲಿದ್ದೇನೆ. ಒಂದು ದಿನವೂ ಬಾಡಿಗೆ ತಡ ಮಾಡಿಲ್ಲ. ಹೊಲಿಗೆ ಮಷೀನು, ಉಣ್ಣೆ ಮೂಟೆ, ಗಿರಾಕಿಗಳು ಎಲ್ಲ ಇಲ್ಲೇ. ಬಿಷ್ಕೆಕ್‌ನಲ್ಲಿ ಕೌದಿ ಹೊಲಿಯುವವರು ನೂರು ಜನ. "ಮೂರನೇ ಮಹಡಿಯ ಅನಾರ್ಕಾನ್" ಒಬ್ಬಳೇ.

ಮನೆಯ ಯಜಮಾನ ಶಾಯ್ಲೊಬೆಕ್‌ಗೆ ಇದು ಒಂಬತ್ತನೇ ಮೆಸೇಜ್. ಫೋಟೊ ಸಮೇತ. ಉತ್ತರ: ಹೆಬ್ಬೆರಳಿನ ಚಿತ್ರ.

ಜನವರಿ 18, ಗುರುವಾರ

ಬಂದ. ಹಲ್ಲಿನ ಸೆಟ್ ಮಾಡುವವನು, ಬೇರೆಯವರ ಬಾಯಿ ನೋಡಿ ನೋಡಿ ಗೋಡೆಯನ್ನೂ ಹಾಗೇ ನೋಡುತ್ತಾನೆ. ತಲೆ ಓರೆ, ತುಟಿ ಮುಂದೆ. ಜೇಬಿನಿಂದ ತೇವ ಅಳೆಯುವ ಚಿಕ್ಕ ಯಂತ್ರ ತೆಗೆದು ನನಗೆ ತೋರಿಸಿದ. ಎಪ್ಪತ್ತೆಂಟು. ಅಂಕಿ ನಾನೇ ಹೆತ್ತಿದ್ದೇನೆ ಎಂಬಂತೆ ನೋಡಿದ.

ಅವನ ಲೆಕ್ಕ ಹೀಗಿತ್ತು. ವಾರಕ್ಕೆ ಮೂರು ಸಲ ಮಾಂಟಿ, ಅಂದರೆ ಮಾಂಸದ ಕಡುಬು, ಆವಿಯಲ್ಲಿ ಬೇಯಿಸುತ್ತೇನೆ. ಬಟ್ಟೆ ಒಳಗೇ ಒಣಗಿಸುತ್ತೇನೆ. ಕಿಟಕಿ ತೆರೆಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಉತ್ತರದ ಹೊರಗೋಡೆಗೆ ಒರಗಿಸಿ ಸೂರಿನ ತನಕ ಕೌದಿ ಅಟ್ಟಿ ಹಾಕಿದ್ದೇನೆ.

"ಎಜೆ," ಅಂದ. ಅಕ್ಕ ಅನ್ನುವುದರಲ್ಲಿ ಯಾವಾಗಲೂ ಮರ್ಯಾದೆಯವನೇ. "ನಿಮ್ಮ ಕೌದಿಗಳು ಗೋಡೆಯ ಉಸಿರು ಕಟ್ಟಿಸಿ ಸಾಯಿಸಿಬಿಟ್ಟಿವೆ."

"ಸತ್ತ ಗೋಡೆ ಹೀಗೆ ಬೆವರಲ್ಲ ತಮ್ಮಾ."

ಕೌದಿಯನ್ನು ಗೋಡೆಗಲ್ಲದೆ ಇನ್ನೆಲ್ಲಿ ಒಟ್ಟುವುದು? ನನ್ನ ಅಮ್ಮ ಒಟ್ಟಿದಳು, ಅವಳ ಅಮ್ಮ ಗುಡಾರದಲ್ಲಿ ಒಟ್ಟಿದಳು. ಬಾಗಿಲಿಗೆದುರು ಹಿರಿಯರು ಕೂರುವ ಜಾಗ, ಅದರ ಹಿಂದೆ ಕೌದಿಯ ಅಟ್ಟಿ. ಅಟ್ಟಿ ನೋಡಿಯೇ ಮನೆಯನ್ನು ತೂಗುವುದು. ಗುಡಾರಕ್ಕೆ ಮೂಲೆ ಇರಲಿಲ್ಲ, ಕಾಂಕ್ರೀಟೂ ಇರಲಿಲ್ಲ, ನಿಜ. ಆದರೆ ಹಾಗಂತ ಅವನಿಗೆ ಹೇಳಲಿಲ್ಲ.

ಹೋಗುವ ಮುಂಚೆ ಅಡುಗೆಮನೆಗೆ ಕಾಲಿಟ್ಟು ತನ್ನ ಫ್ರಿಜ್ ಗೂಡನ್ನು ತಟ್ಟಿ ನೋಡಿದ. ಪ್ರತಿ ಸಲ ತಟ್ಟುತ್ತಾನೆ, ಕುದುರೆಯ ಕುತ್ತಿಗೆ ತಟ್ಟಿದ ಹಾಗೆ. ಮನೆ ಕೊಂಡಾಗ ಫಾಲ್ಸ್ ಸೀಲಿಂಗ್, ಪ್ಲಾಸ್ಟಿಕ್ ಕಿಟಕಿ, ಈ ಗೂಡು ಎಲ್ಲ ಸ್ವಂತ ಕೈಯಿಂದ ಮಾಡಿದ್ದಂತೆ. ನಲವತ್ತು ಸೆಂಟಿಮೀಟರ್ ಜಾಗ ಉಳಿಸಿದನಂತೆ.

ಬಾಗಿಲಲ್ಲಿ ನಿಂತು ತೀರ್ಪು: ಗೋಡೆ ರಿಪೇರಿಗೆ ಅರವತ್ತು ಸಾವಿರ, ನನ್ನಿಂದ. ಅಡ್ವಾನ್ಸ್ ಮೂವತ್ತು ಸಾವಿರ ಹಿಡಿದುಕೊಳ್ಳುತ್ತಾನೆ, ಉಳಿದದ್ದು ನಾನು ಕೊಡಬೇಕು. ಮಾರ್ಚ್ ಒಂದರೊಳಗೆ ಮನೆ ಖಾಲಿ.

ಚಳಿಗಾಲದ ನಡುವೆ. ಮೂರು ಮದುವೆಯ ಕೌದಿ ಕೈಯಲ್ಲಿರುವಾಗ.

ಜನವರಿ 19

ಅಟ್ಟಿಯನ್ನು ಗೋಡೆಯಿಂದ ಎಳೆದು ಕೋಣೆಯ ನಡುವೆ ಹಾಕಿದೆ. ಕೌದಿಗಳ ನಡುವೆ ಇಟ್ಟಿದ್ದ ನುಸಿಗುಳಿಗೆ ಎಲ್ಲ ಆರಿಸಿ ಡಬ್ಬಿಗೆ ತುಂಬಿದೆ. ಕಿಟಕಿ ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ. ಹೊರಗೆ ಸೊನ್ನೆಗಿಂತ ಹದಿನಾಲ್ಕು ಕೆಳಗೆ. ಮಾಂಟಿ ಬಂದ್. ಬಟ್ಟೆ ಬಾಲ್ಕನಿಯಲ್ಲಿ— ಪ್ಯಾಂಟು ಹಲಗೆಯಂತೆ ಸೆಟೆದು ನಿಂತಿತು.

ಅವನು ಹೇಳಿದ್ದೆಲ್ಲ ಮಾಡುತ್ತೇನೆ. ಎರಡು ವಾರ. ತಪ್ಪು ನನ್ನದಾಗಿದ್ದರೆ ಗೋಡೆ ಒಣಗುತ್ತದೆ, ಬಾಯಿ ಮುಚ್ಚಿಕೊಂಡು ಹಣ ಕೊಡುತ್ತೇನೆ. ಒಣಗದಿದ್ದರೆ, ನಾನು ಎಂಥವಳು ಅಂತ ಅವನು ಇನ್ನೂ ನೋಡಿಲ್ಲ.

ಫೆಬ್ರವರಿ 1, ಗುರುವಾರ

ಒಣಗಿಲ್ಲ. ಮೇಲಿಂದ, ಸೀಲಿಂಗ್ ಅಂಚಿನಿಂದ ಇಳಿಯುತ್ತಿದೆ ಈಗ. ಕೌದಿ ಮೂರು ಮೊಳ ದೂರ ಇದೆ, ಗೋಡೆ ಮಾತ್ರ ಬೆವರುತ್ತಲೇ ಇದೆ.

ಇನ್ನೊಂದು. ಸಂಜೆ ಅಂಚು ಹೊಲಿಯುತ್ತ ಕೂತಿದ್ದೆ. ಎಣ್ಣೆ ಕಾದ ವಾಸನೆ ಬಂತು. ನಾನು ಒಲೆ ಹಚ್ಚಿರಲಿಲ್ಲ. ಕಿಟಕಿ ಮುಚ್ಚಿತ್ತು. ಗುರುವಾರ... ಗುರುವಾರ ಸಂಜೆ ಸತ್ತವರು ಮನೆ ಕಡೆ ಬರುತ್ತಾರೆ, ಬಾಣಲೆಯಲ್ಲಿ ರೊಟ್ಟಿ ಕರಿದು ಅವರಿಗೆ ವಾಸನೆ ಮುಟ್ಟಿಸಬೇಕು. ಎಷ್ಟು ದಿನವಾಯಿತು ನಾನು ಕರಿದು? ಮೆದೆರ್ ಕೇಳುತ್ತಿದ್ದಾನೆ ಅನ್ನಿಸಿತು. ಬದುಕಿದ್ದಾಗ ಬಾಯಿ ಬಿಟ್ಟು ಉಪ್ಪು ಕೂಡ ಕೇಳದ ಗಂಡ, ಸತ್ತು ಹನ್ನೊಂದು ವರ್ಷದ ಮೇಲೆ ಮೂಗಿನ ದಾರಿಯಿಂದ ಕೇಳಿದ.

ಎದ್ದೆ. ಹಿಟ್ಟು ಕಲಸಿದೆ. ಏಳು ರೊಟ್ಟಿ ಕರಿದೆ. ಅವನ ಹೆಸರಲ್ಲಿ ಪ್ರಾರ್ಥನೆ ಮಾಡಿ, ಮನೆಯೊಂದನ್ನು ಉಳಿಸಿಕೊಡು ಮಾರಾಯ ಅಂತಲೂ ಸೇರಿಸಿದೆ. ಸತ್ತವರಿಗೆ ಇಷ್ಟು ಕೆಲಸ ಹೇಳಬಾರದು, ಗೊತ್ತು.

ಫೆಬ್ರವರಿ 8, ಗುರುವಾರ, ರಾತ್ರಿ ಊಟದ ನಂತರ

ಮತ್ತೆ ಅದೇ ವಾಸನೆ. ಐದೂಕಾಲು ಗಂಟೆ. ಮತ್ತೆ ನನ್ನ ಒಲೆ ತಣ್ಣಗೆ.

ಮತ್ತೆ ಕರಿದೆ. ಕಳೆದ ಸಲ ರೊಟ್ಟಿಯನ್ನು ನಾನೇ ತಿಂದಿದ್ದೆ, ಅದಕ್ಕೇ ಮೆದೆರ್‌ಗೆ ತೃಪ್ತಿಯಾಗಿಲ್ಲವೇನೋ ಅಂದುಕೊಂಡು ಈ ಸಲ ಹಂಚಲು ಹೊರಟೆ. ಮೊದಲು ಕೆಳಗಿನ ಮನೆ, ತುರ್ಸುನಾಯ್ ಅಪಾ. ಎಂಬತ್ತರ ಹತ್ತಿರದ ಮುದುಕಿ, ಎಲ್ಲರಿಗೂ ಅಮ್ಮ. ಬಾಗಿಲು ತೆರೆದಳು. ಮೊಣಕೈ ತನಕ ಹಿಟ್ಟು. ನನ್ನ ತಟ್ಟೆ ನೋಡಿ ನಕ್ಕಳು, ಒಳಗೆ ಹೋಗಿ ತನ್ನದೇ ತಟ್ಟೆ ತಂದಳು. ಏಳು ರೊಟ್ಟಿ. ಬಿಸಿ.

"ನನ್ನದು ಪ್ರತಿ ಗುರುವಾರ ಐದು ಗಂಟೆಗೆ ಮಗಳೇ. ತಡ ಆದ್ರೆ ನಮ್ಮೆಜಮಾನ್ರಿಗೆ ಸಿಟ್ಟು ಬರ್ತಿತ್ತು, ಈಗ್ಲೂ ಬರುತ್ತೆ ಅಂತ ನಂಬ್ಕೊಂಡಿದೀನಿ."

ಐದು ಗಂಟೆಗೆ ಬಾಣಲೆ. ಐದೂಕಾಲಿಗೆ ನನ್ನ ಮೂಗು.

ಮೆಟ್ಟಿಲಲ್ಲೇ ನಿಂತುಬಿಟ್ಟೆ. ಇಷ್ಟು ದಿನ ನುಸಿಗುಳಿಗೆಯ ವಾಸನೆ ಎಲ್ಲವನ್ನೂ ಮುಚ್ಚಿತ್ತು. ಅದನ್ನು ತೆಗೆದ ಮೇಲಷ್ಟೇ ಇದು ತಿಳಿದದ್ದು. ಮೆದೆರ್ ಏನೂ ಕೇಳಿರಲಿಲ್ಲ. ಎರಡು ಗುರುವಾರ ನಾನು ತುರ್ಸುನಾಯ್ ಅಪಾಳ ಗಂಡನಿಗೆ ಉಪಚಾರ ಮಾಡಿದ್ದೇನೆ.

ಕೆಳಗಿನ ಎಣ್ಣೆಯ ವಾಸನೆ ನನ್ನ ಕೋಣೆಗೆ ಬರುತ್ತದೆ ಅಂದರೆ ಅಪಾ ಬೇಯಿಸುವ ಸಾರಿನ ಆವಿ ಎಲ್ಲಿಗೆ ಬರುತ್ತದೆ?

ಫೆಬ್ರವರಿ 10, ಶನಿವಾರ

ಪರೀಕ್ಷೆ ಮಾಡಿದೆ. ಬೆಳಿಗ್ಗೆ ಹನ್ನೊಂದಕ್ಕೆ ಎಣ್ಣೆ ಕಾಯಿಸಲು ಅಪಾಳನ್ನು ಕೇಳಿಕೊಂಡೆ. ಒಪ್ಪಲಿಲ್ಲ.

"ಶನಿವಾರ ಕಾಯಿಸಿದ್ರೆ ಯಾರು ಬರ್ತಾರೆ?"

"ಸತ್ತವರು ಬರಲ್ಲ ಅಪಾ. ಬದುಕಿರೋನೊಬ್ಬನ ತಪ್ಪು ಹೊರಗೆ ಬರುತ್ತೆ."

ಅದು ಅವಳಿಗೆ ಹಿಡಿಸಿತು. ಎಣ್ಣೆಗೆ ಈರುಳ್ಳಿಯನ್ನೂ ಹಾಕಿದಳು, ಪುಣ್ಯಾತ್ಗಿತ್ತಿ.

ನಾನು ಏಣಿ ಹತ್ತಿ ನಿಂತೆ. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಈರುಳ್ಳಿ. ಸೀಲಿಂಗ್‌ನ ಒಂದು ಹಲಗೆ ಮೇಲೆತ್ತಿದೆ. ಬಿಸಿ ಹಬೆ ಮುಖಕ್ಕೆ ಹೊಡೆಯಿತು, ಮಾಂಟಿ ಪಾತ್ರೆಯ ಮುಚ್ಚಳ ತೆಗೆದಂತೆ. ಮೇಲಿನ ಪಟ್ಟಿಗಳೆಲ್ಲ ಕರ್ರಗೆ, ಹನಿ ತೂಗುತ್ತಿವೆ. ಫೋನಿನ ಬೆಳಕು ಅಡುಗೆಮನೆ ಕಡೆ ಬಿಟ್ಟೆ. ಫ್ರಿಜ್ ಗೂಡಿನ ಹಿಂದಿನಿಂದ ಒಂದು ತಗಡಿನ ಪೈಪು ಮೇಲೆ ಬಂದು ಬಾಯಿ ತೆರೆದು ನಿಂತಿದೆ. ಅದರ ನೆತ್ತಿಗೆ ನೇರ, ಕಾಂಕ್ರೀಟಿನಲ್ಲಿ ಒಂದು ಚೌಕ— ಸಿಮೆಂಟ್ ಮೆತ್ತಿ ಮುಚ್ಚಿದೆ.

ಇಡೀ ಕಟ್ಟಡದ ಅಡುಗೆಮನೆಗಳ ಆವಿ ಹೋಗಲಿ ಅಂತ ತಳದಿಂದ ಚಾವಣಿಯ ತನಕ ಒಂದು ಗಾಳಿಕೊಳವೆ ಇತ್ತು. ನಮ್ಮ ಮಹಡಿಯಲ್ಲಿ ಶಾಯ್ಲೊಬೆಕ್ ಅದನ್ನು ಒಡೆದು ಆ ಜಾಗದಲ್ಲಿ ಫ್ರಿಜ್ ನಿಲ್ಲಿಸಿದ್ದಾನೆ. ಕೆಳಗಿನ ಎರಡು ಮನೆಗಳ ಆವಿ ಬಂದು ನನ್ನ ತಲೆಯ ಮೇಲೆ ತಂಗಿ, ಉತ್ತರದ ತಣ್ಣನೆ ಗೋಡೆ ಮುಟ್ಟಿ ನೀರಾಗುತ್ತದೆ. ನಲವತ್ತು ಸೆಂಟಿಮೀಟರ್.

ಫೋಟೊ ಹದಿನೇಳು ತೆಗೆದೆ. ಇಳಿದು ಕೂತೆ. 

ಫೆಬ್ರವರಿ 12, ಸೋಮವಾರ

ಫೋಟೊ ಅವನಿಗೆ ಕಳಿಸಲಿಲ್ಲ. ಕಳಿಸಿದರೆ ಏನಾಗುತ್ತದೆ ಗೊತ್ತು. ಹಳೆಯ ಮಾಲೀಕ ಮಾಡಿದ್ದು ಅನ್ನುತ್ತಾನೆ. ಹಳೆಯ ಮಾಲೀಕ ಮಣ್ಣಾಗಿ ಆರು ವರ್ಷ, ಎದ್ದು ಬಂದು ಇಲ್ಲ ಅನ್ನುವುದಿಲ್ಲ. ತಾನೇ ಒಡೆದೆ ಅಂತ ಅವನ ಬಾಯಿಂದಲೇ ಬರಬೇಕು, ಇನ್ನೊಬ್ಬರ ಕಿವಿಗೆ ಬೀಳಬೇಕು.

ಕ್ಲಾವ್ದಿಯಾ ಪೆತ್ರೋವ್ನಾ ಮನೆಗೆ ಹೋದೆ. ಒಂದೇ ಮೆಟ್ಟಿಲು ಬಳಸುವ ನಮ್ಮ ಹದಿನೈದು ಮನೆಗೆ ಆಯ್ಕೆಯಾದ ಹಿರಿಯಳು. ಮೂವತ್ತು ವರ್ಷ ಟ್ರಾಲಿಬಸ್ ಡಿಪೊದಲ್ಲಿ ಡ್ರೈವರುಗಳ ಸುಳ್ಳು ಕೇಳಿದವಳು. ಫೋಟೊಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ತನ್ನ ಫೋನ್ ತೋರಿಸಿದಳು. ಮಾರಾಟದ ಜಾಹೀರಾತು. ನಮ್ಮ ಮನೆ. "ಹೊಸ ರಿಪೇರಿ, ಬೆಚ್ಚಗಿನ ಒಣ ಮನೆ, ಮೇ ತಿಂಗಳಿಂದ ಖಾಲಿ."

ಹಾಗಾದರೆ ಅರವತ್ತು ಸಾವಿರ ಅದಕ್ಕೆ. ನನ್ನ ದುಡ್ಡಲ್ಲಿ ಬಣ್ಣ ಬಳಿದು, ಒಣ ಮನೆ ಅಂತ ಇನ್ನೊಬ್ಬರ ತಲೆಗೆ ಕಟ್ಟುವುದು.

ಕೆಳಗಿನವರ ಅಡುಗೆಮನೆಯಲ್ಲೂ ಬೂಷ್ಟಿದೆಯಂತೆ. ಅಪಾಳದು ಬೀರುವಿನ ಹಿಂದೆ, ಅವಳ ಕೆಳಗಿನವರದು ಹೊಸ ವಾಲ್‌ಪೇಪರ್ ಅಡಿ. ಯಾರೂ ಯಾರಿಗೂ ಹೇಳಿರಲಿಲ್ಲ. ಒದ್ದೆ ಗೋಡೆ ಅಂದರೆ ಕೊಳಕು ಹೆಂಗಸು ಅಂತ ನಮ್ಮಲ್ಲಿ ಮಾತು. ಮರ್ಯಾದೆಗೆ ಅಂಜಿ ಮೂರು ಮಹಡಿ ಬಾಯಿ ಮುಚ್ಚಿಕೊಂಡಿತ್ತು.

ಫೆಬ್ರವರಿ 17, ಶನಿವಾರ

ಶಾಯ್ಲೊಬೆಕ್‌ಗೆ ನಿನ್ನೆ ಫೋನ್ ಮಾಡಿ, ನಾನು ಮನೆ ಬಿಡುವ ಮುಂಚೆ ಒಮ್ಮೆ ಬಂದು ಗೋಡೆ ನೋಡಿಕೊಂಡು ಹೋಗು ಅಂದಿದ್ದೆ. ತುರ್ಸುನಾಯ್ ಅಪಾಗೆ ನಿನ್ನ ಥರದ್ದೇ ಫ್ರಿಜ್ ಗೂಡು ಬೇಕಂತೆ, ಹೇಗೆ ಮಾಡೋದು ಅಂತ ಒಂದು ಮಾತು ಹೇಳಿ ಹೋಗು ಅಂತಲೂ ಸೇರಿಸಿದ್ದೆ. ಅರ್ಧ ಗಂಟೆ ಮುಂಚೆಯೇ ಬಂದ.

ಅಪಾ ಇದ್ದಳು. ಕ್ಲಾವ್ದಿಯಾ ಪೆತ್ರೋವ್ನಾ ಮೂಲೆಯಲ್ಲಿ ಚಹಾ ಹಿಡಿದು ಕೂತಿದ್ದಳು, ಮಾತೇ ಬರದವಳ ಹಾಗೆ. ನಾನು ಹೊಗಳಲು ಶುರು ಮಾಡಿದೆ. ಹೊಗಳುವುದು ನನ್ನ ಕಸುಬು. ಇಪ್ಪತ್ತು ವರ್ಷ ಬಜಾರಿನಲ್ಲಿ ಅತ್ತೆಯರ ಮುಂದೆ ಸೊಸೆಯರ ಕೌದಿ ಹೊಗಳಿ ಮಾರಿದ್ದೇನೆ. ಎಂಥಾ ಗೂಡು, ಎಂಥಾ ನೇರ, ಕೂಲಿಯವರು ಮಾಡಿದ ಕೆಲಸ ಹೀಗಿರುತ್ತದೆಯೇ.

"ಕೂಲಿಯವರಾ," ಅಂದ ಶಾಯ್ಲೊಬೆಕ್. ನೋವಾಯಿತು ಪಾಪ. "ಒಬ್ಬ ಮನುಷ್ಯ ಮುಟ್ಟಿಲ್ಲ ಎಜೆ. ಇಲ್ಲಿಂದ ಇಲ್ಲೀತನಕ ನಾನೇ ಒಡೆದದ್ದು. ಎರಡು ದಿನ. ಭುಜ ಒಂದು ವಾರ ಮೇಲಕ್ಕೇಳಲಿಲ್ಲ."

ಕ್ಲಾವ್ದಿಯಾ ಪೆತ್ರೋವ್ನಾ ಕಪ್ಪು ಕೆಳಗಿಟ್ಟಳು.

"ಏನನ್ನ ಒಡೆದ್ರಿ?"

"ಆ ಹಳೇ ಗಾಳಿಕೊಳವೆ. ಸೋವಿಯತ್ ಕಾಲದ್ದು. ಈಗ ಯಾರಿಗೆ ಬೇಕು ಅದು?"

 ಅಪಾ ಕೈಯೆತ್ತಿದಳು, ಶಾಲೆಯ ಹುಡುಗಿಯ ಹಾಗೆ. "ನನಗೆ ಬೇಕಿತ್ತು," ಅಂದಳು.

ಏಣಿ ತಂದು ಇಟ್ಟೆ. ಅವನು ಹತ್ತಲಿಲ್ಲ. ಹತ್ತಬೇಕಿರಲಿಲ್ಲ, ಅಲ್ಲೇನಿದೆ ಅಂತ ಅವನಿಗೆ ಗೊತ್ತು. ಕ್ಲಾವ್ದಿಯಾ ಪೆತ್ರೋವ್ನಾ ಹತ್ತಿದಳು, ಎಪ್ಪತ್ತೊಂದರಲ್ಲಿ, ಸ್ಕರ್ಟು ಒಂದು ಕೈಯಲ್ಲಿ ಎತ್ತಿ ಹಿಡಿದು.

ಫೆಬ್ರವರಿ 20

ಅವನ ಮೆಸೇಜ್: ಗೋಡೆಯ ಹಣ ಬೇಡ. ಅಡ್ವಾನ್ಸ್ ವಾಪಸ್ ಕೊಡುತ್ತೇನೆ. ಆದರೆ ಮಾರ್ಚ್ ಒಂದಕ್ಕೆ ಖಾಲಿ ಮಾಡಿ, ನಮ್ಮ ನಡುವೆ ಕಾಗದ ಪತ್ರ ಏನೂ ಇಲ್ಲ, ನೆನಪಿರಲಿ.

ಇಲ್ಲ, ನಿಜ. ಕೈ ಕುಲುಕಿ ಮನೆ ಕೊಟ್ಟ, ಕೈ ಕುಲುಕಿ ಮನೆ ಹಿಡಿದೆ. ಈ ಊರಲ್ಲಿ ಅರ್ಧ ಜನ ಹಾಗೇ ಇರುವುದು.

ಹಣ ಉಳಿಯಿತಲ್ಲ, ಎದ್ದು ಹೋಗು ಅಂತ ತಲೆಯ ಅರ್ಧ ಭಾಗ ಹೇಳುತ್ತದೆ. ಮತ್ತೆ ಎಲ್ಲಿಗೆ? ಇನ್ನೊಂದು ಒಣ ಮನೆಗೆ? ಉತ್ತರ ಬರೆದೆ: ಮಾರ್ಚ್ ಒಂದಕ್ಕೆ ಬಾ. ಚಹಾ ಇರುತ್ತದೆ.

ಮಾರ್ಚ್ 1, ಶುಕ್ರವಾರ

ಬಂದ. ಕೈಯಲ್ಲಿ ಹೊಸ ಬೀಗ, ಜೊತೆಗೆ ಬೀಗ ಬದಲಿಸುವವನು.

ನಾನು ಕೆಟ್ಟ ಕೌದಿಗಳನ್ನೆಲ್ಲ ನೆಲಕ್ಕೆ ಹಾಸಿದ್ದೆ, ಬೂಷ್ಟಿನ ಕಡೆ ಮೇಲೆ. ಅದರ ಮೇಲೆ ಅಪಾ, ಕ್ಲಾವ್ದಿಯಾ ಪೆತ್ರೋವ್ನಾ, ಅಪಾಳ ಕೆಳಗಿನ ಮನೆಯ ಗಂಡ ಹೆಂಡತಿ, ಮೇಲಿನ ಮಹಡಿಯ ಟ್ಯಾಕ್ಸಿ ಡ್ರೈವರ್. ನಡುವೆ ರೊಟ್ಟಿ. ನಾನು ಮಷೀನಿನ ಮುಂದೆ, ಹೊಲಿಗೆ ನಿಲ್ಲಿಸಲಿಲ್ಲ.

ಬೀಗದವನು ಒಳಗೆ ಇಣುಕಿದ. ಅಪಾ ರೊಟ್ಟಿ ಮುರಿದು ಅವನತ್ತ ಚಾಚಿದಳು. ಮುಂದೆ ಹಿಡಿದ ರೊಟ್ಟಿಯನ್ನು ಮುಟ್ಟದೆ ಹೋಗುವ ಕಿರ್ಗಿಜನಿನ್ನೂ ಹುಟ್ಟಿಲ್ಲ. ಕೂತ. ಕೂತ ಮೇಲೆ ಚಹಾ. ಚಹಾ ಕುಡಿದ ಮನೆಗೆ ಬೀಗ ಹೇಗೆ ಹಾಕುವುದು? ಚೀಲ ಎತ್ತಿಕೊಂಡು, ಅಣ್ಣಾ ನನಗೆ ಇನ್ನೊಂದು ಕಡೆ ಕೆಲಸ ಇದೆ ಅಂತ ಹೊರಟೇಬಿಟ್ಟ.

ಶಾಯ್ಲೊಬೆಕ್ ಒಬ್ಬನೇ ಉಳಿದ. ನಿಂತೇ ಇದ್ದ.

ಕ್ಲಾವ್ದಿಯಾ ಪೆತ್ರೋವ್ನಾ ಎರಡು ಕಾಗದ ಮುಂದಿಟ್ಟಳು. ಒಂದು, ನಗರದ ಕಟ್ಟಡ ತನಿಖೆಯವರಿಗೆ ಅರ್ಜಿ, ಒಂಬತ್ತು ಮನೆಯವರ ಸಹಿ. ಅದು ಹೋದರೆ ದಂಡ, ಮೇಲಾಗಿ ನೆಟ್ಟಗಾಗುವ ತನಕ ಮನೆ ಮಾರುವಂತಿಲ್ಲ. ಇನ್ನೊಂದು, ನಾನೂ ಅವಳೂ ಸೇರಿ ಬರೆದದ್ದು. ಕೊಳವೆಯನ್ನು ಅವನ ಖರ್ಚಿನಲ್ಲಿ ಮತ್ತೆ ಕಟ್ಟಬೇಕು. ಕೆಟ್ಟ ಐದು ಕೌದಿಯ ಬೆಲೆ ಬಾಡಿಗೆಯಲ್ಲಿ ಕಳೆಯಬೇಕು. ಅಕ್ಟೋಬರ್ ಮೂವತ್ತೊಂದರ ತನಕ ಮನೆ ನನ್ನದು, ಇದೇ ಬಾಡಿಗೆಗೆ, ಮಾರಿದರೂ. ಯಾವುದು ಬೇಕೋ ಆರಿಸಿಕೊಳ್ಳಲಿ.

"ಬಾಡಿಗೆಗೆ ಬಂದೋರು ಮಾಲೀಕನಿಗೆ ಷರತ್ತು ಹಾಕೋದಾ?" ಅಂದ. ನನ್ನ ಕಡೆ ನೋಡಿ ಅಲ್ಲ, ಟ್ಯಾಕ್ಸಿಯವನ ಕಡೆ ನೋಡಿ. ಗಂಡಸು ಗಂಡಸಿನ ಪರ ಇರುತ್ತಾನೆ ಅಂದುಕೊಂಡನೇನೋ.

ಟ್ಯಾಕ್ಸಿಯವನು ಸಕ್ಕರೆ ಕಲಕುತ್ತ ಕೂತ.

ನಾನು ಮಷೀನು ನಿಲ್ಲಿಸಿದೆ. "ಗೋಡೆ ನಿಂದು ತಮ್ಮಾ. ಬಣ್ಣ ನಿಂದು, ಫ್ರಿಜ್ ನಿಂದು. ಹದಿನೇಳು ತಿಂಗಳು ಅದರ ನೀರು ಒರೆಸಿದ್ದು ನಾನು. ನಿನ್ನದನ್ನ ನೀನು ನೆಟ್ಟಗೆ ಮಾಡು. ಅಲ್ಲೀತನಕ ಏಳಲ್ಲ."

ಕೂತ ಕೊನೆಗೆ. ಬೂಷ್ಟಿನ ಕೌದಿಯ ಮೇಲೆಯೇ. ಪೆನ್ನು ಕೇಳಿದ.

ಮಾರ್ಚ್ 6

ಮೂರು ದಿನದಿಂದ ಗಾರೆಯವನು. ಹೆಸರು ಝಕೀರ್, ಓಶ್ ಕಡೆಯವನು, ಮಾತಿಗಿಂತ ಕೆಮ್ಮೇ ಹೆಚ್ಚು. ಮನೆ ತುಂಬ ಧೂಳು. ಫ್ರಿಜ್ ಈಗ ನಡುಮನೆಯ ದಾರಿಯಲ್ಲಿ ನಿಂತಿದೆ, ಅಡ್ಡಡ್ಡ ನಡೆದು ಅದನ್ನು ದಾಟಬೇಕು. ಮೇಲಿನ ಚೌಕ ಒಡೆದ ಕೂಡಲೇ ಗಾಳಿ ಹೂಂಕರಿಸಿತು. ಬೆಂಕಿಕಡ್ಡಿ ಹಿಡಿದು ತೋರಿಸಿದ. ಜ್ವಾಲೆ ಒಳಗೆ ಬಾಗಿತು, ಯಾರೋ ಉಸಿರು ಎಳೆದುಕೊಂಡಂತೆ.

ಇನ್ನೊಂದು ವಿಷಯ ಹೇಳಿದ. ಮೇಲಿನ ಬೂಷ್ಟೆಲ್ಲ ಸೀಲಿಂಗ್‌ನದು. ಆದರೆ ಕೆಳಗೆ, ನೆಲದಿಂದ ಎರಡು ಮೊಳ, ಆ ಕಲೆ ಬೇರೆ, ಹಳೆಯದು. ಉಗುರಿನಿಂದ ಕೆರೆದು ಮೂಸಿದ. "ಉಣ್ಣೆ ಒರಗಿಸಿದ್ರಲ್ಲ ಅಕ್ಕ. ಶಾಖ ಮುಟ್ಟಿಲ್ಲ ಇಲ್ಲಿ. ಇದು ಮಾಲೀಕರ ತಪ್ಪಲ್ಲ."

ಶಾಯ್ಲೊಬೆಕ್ ಅಲ್ಲಿರಲಿಲ್ಲ. ಝಕೀರ್ ಎಲ್ಲ ಒಂದೇ ಬಿಲ್ಲಿಗೆ ಹಾಕಲಾ ಅಂತ ಕೇಳಿದ. ಹಾಕು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬೇರೆ ಬರಿ ಅಂದೆ. ಮೂರು ಸಾವಿರದ ಐನೂರು, ನನ್ನ ಜೇಬಿನಿಂದ. ಧಾರಾಳವೇನಲ್ಲ. ನಾಳೆ ಶಾಯ್ಲೊಬೆಕ್ ಮುಂದೆ ಜೋರಾಗಿ ಮಾತಾಡಬೇಕು, ಅದಕ್ಕೆ.

ಮಾರ್ಚ್ 10, ಭಾನುವಾರ

ಗೋಡೆ ಮುಟ್ಟಿ ನೋಡಿದೆ. ಕೈ ಒಣ.

ಶಾಯ್ಲೊಬೆಕ್ ಬೆಳಿಗ್ಗೆ ಬಂದು ನೋಡಿಹೋದ. ಒಣಗಿದ ಮನೆಗೆ ಬಾಡಿಗೆ ಐದು ಸಾವಿರ ಜಾಸ್ತಿಯಾದರೂ ತಪ್ಪಿಲ್ಲ ಎಂದು ಸುತ್ತಿ ಬಳಸಿ ಹೇಳಿದ. ಕಾಗದ ತೋರಿಸಿದೆ. ಹಾಗಾದರೆ ಕೆಳಭಾಗದ ಕಲೆ ನಿಮ್ಮದಂತೆ, ಝಕೀರ್ ಹೇಳಿದ, ಅಂದ. ಕಣ್ಣಲ್ಲಿ ಹೊಳಪು. ಹಣ ಕೊಟ್ಟ ಚೀಟಿಯನ್ನೂ ತೋರಿಸಿದೆ. ಮತ್ತೇನೂ ಸಿಗದೆ ಹೋದ.

ಯಾರಿಗೆ ಏನು ಸಿಕ್ಕಿತು, ಬರೆದು ಮುಗಿಸುತ್ತೇನೆ.

ತುರ್ಸುನಾಯ್ ಅಪಾಗೆ: ಆವಿ ಮೇಲೆ ಹೋಗುವ ಅಡುಗೆಮನೆ. ಬೀರುವನ್ನು ಗೋಡೆಯಿಂದ ಸರಿಸಿದ್ದಾಳೆ, ಹಿಂದೆ ಏನಿತ್ತು ಅಂತ ಎಲ್ಲರಿಗೂ ಕರೆದು ತೋರಿಸುತ್ತಾಳೆ.

ಅವಳ ಕೆಳಗಿನವರಿಗೆ: ಅದೇ. ವಾಲ್‌ಪೇಪರಿನ ದುಡ್ಡು ಮಾತ್ರ ಹೋದದ್ದು ಹೋಯಿತು.

ಕ್ಲಾವ್ದಿಯಾ ಪೆತ್ರೋವ್ನಾಗೆ: ಏನೂ ಇಲ್ಲ. ಕೌದಿ ಕೊಡಹೋದರೆ ಲಂಚ ಅಂದಳು. ಪಕ್ಕದ ಮೆಟ್ಟಿಲಿನವರು ಈಗ ಏಣಿ ಸಮೇತ ಅವಳನ್ನು ಕರೆಯುತ್ತಿದ್ದಾರೆ.

ಝಕೀರ್‌ಗೆ: ಮೂವತ್ತೆಂಟು ಸಾವಿರ ಶಾಯ್ಲೊಬೆಕ್‌ನಿಂದ, ಮೂರೂವರೆ ಸಾವಿರ ನನ್ನಿಂದ.

ಶಾಯ್ಲೊಬೆಕ್‌ಗೆ: ಸುಳ್ಳಿಲ್ಲದ ಜಾಹೀರಾತು. ಈಗ ನಿಜವಾಗಿ ಒಣ ಮನೆ, ಹೆಚ್ಚಿನ ಬೆಲೆಗೆ ಮಾರುತ್ತಾನೆ. ಲೆಕ್ಕ ಮಾಡಿದರೆ ಎಲ್ಲರಿಗಿಂತ ಹೆಚ್ಚು ಗಿಟ್ಟಿದ್ದು ಅವನಿಗೇ. ಹೇಳಿದರೆ ಒಪ್ಪುವುದಿಲ್ಲ.

ನನಗೆ: ಕೌದಿ ಐದರ ಬೆಲೆ. ಅಕ್ಟೋಬರ್ ಮೂವತ್ತೊಂದರ ತನಕ ಈ ಮನೆ, ಇದೇ ಬಾಡಿಗೆ. ಆಮೇಲೆ ಹೊಸ ಮಾಲೀಕ ಬರುತ್ತಾನೆ. ಬರಲಿ. ಬಾಗಿಲಲ್ಲೇ ನಿಲ್ಲಿಸಿ ನಾನು ಅವನನ್ನು ಮೊದಲು ಕೇಳುವುದು ಇಷ್ಟೇ: ಫ್ರಿಜ್ ಎಲ್ಲಿ ಇಡುತ್ತೀಯ?